ಪಾಪಿಂಜೇ

ಕುಂಬಳೆಯ ಶಾಲೆ, ಎಂಟನೆಯ ಕ್ಲಾಸು.
ಮೊಯ್ದುಕುಂಞಿ ಹೊಲಿದ ಗಿಳಿಹಸಿರು ಶರಟು,
ಎರಡು ಜೇಬು, ಜೇಬಿಗೊಂದು ಬಾಚಣಿಗೆ.
ಹಾಜರಿ ಕೂಗುವುದನ್ನು ನಿಲ್ಲಿಸಿ ಇಸಿದೋರ್ ಮಾಷ್ಟ್ರು
ಕನ್ನಡಕದ ಮೇಲಿಂದ ನೋಡಿ ಅಂದರು: ಪಾಪಿಂಜೇ.

ಮನೆಯಲ್ಲಿ ಹೇಳಿದೆ. ಅಜ್ಜಿಗೆ ಕೇಳಿಸಿದ್ದು ಅರ್ಧವೇ.
'ಪಾಪಿಯಾ? ನನ್ನ ಮಗು ಯಾರ ಗಂಟು ತಿಂದಿದೆ?'
ಕೊಡೆ ಊರಿಕೊಂಡು ಬಂದೇಬಿಟ್ಟಳು ಶಾಲೆಗೆ.
ಮಾಷ್ಟ್ರು ಕುರ್ಚಿ ಕೊಟ್ಟು, ಚಾ ತರಿಸಿ,
ಪಾಪವಲ್ಲಮ್ಮಾ, ಗಿಳಿ ಅಂದರು. ಬರೇ ಗಿಳಿ.
ಬಣ್ಣ ಇದೆ, ಬಾಯಿ ಇದೆ, ಬೇರೇನಿಲ್ಲ.

ಬಬ್ಬಗಾ, ಅಂದರು ಪೇಟೆಯ ಅಂದುಞಿ ಮುಸ್ಲಿಯಾರರು,
ಅರಬಿಯಲ್ಲಿ ಗಿಳಿಗೆ ಹಾಗೇ ಹೇಳುವುದು.
ನಮ್ಮ ಕಡಲಿನ ಆಚೆ ದಡದ ಮಾತು
ಹಡಗು ಹತ್ತಿ, ಬಿಳಿಯರ ಬಾಯಲ್ಲಿ ಸವೆದು,
ಬಾಲಕ್ಕೆ ಬೇರೊಂದು ಹಕ್ಕಿಯ ಪುಕ್ಕ ಸಿಕ್ಕಿಸಿಕೊಂಡು
ತಿರುಗಿ ಬಂದಿತ್ತು, ನನ್ನ ಶರಟಿನ ಮೇಲೆ ಕೂರಲು.

ಮೊದಮೊದಲು ಅದು ಹೊಗಳಿಕೆಯಂತೆ.
ಮರದ ಗಿಳಿ ಕೆತ್ತಿ, ಬಣ್ಣ ಬಳಿದು,
ಕಂಬದ ತುದಿಗೆ ಕಟ್ಟಿ ಬಾಣ ಬಿಡುತ್ತಿದ್ದರಂತೆ.
ಇದು ನಿಘಂಟಿನಲ್ಲಿ ಸಿಕ್ಕಿದ್ದು, ಮೀಸೆ ಬಂದ ಮೇಲೆ.

ಮೊನ್ನೆ ಸ್ಟೇಷನ್ನಿನಲ್ಲಿ ಮಾಷ್ಟ್ರು. ಎಂಬತ್ತು ದಾಟಿದೆ.
ತಲೆಗೆ ಕಾಗೆಗಪ್ಪು, ಕೊರಳಿಗೆ ಕೆಂಪು ಮಫ್ಲರು,
ನಿಂತ ರೈಲಿನ ಕಿಟಕಿಗಾಜಿನಲ್ಲಿ
ಉಳಿದ ಹನ್ನೆರಡು ಕೂದಲು ಬಾಚುತ್ತಿದ್ದಾರೆ.
ಶಬ್ದ ನಾಲಿಗೆಯ ತುದಿಗೆ ಬಂದು ಹೆದೆ ಎಳೆಯಿತು.

ಗಾಜಿನಲ್ಲೇ ನನ್ನ ಕಂಡು ಕೇಳಿದರು,
'ಬಣ್ಣ ಸ್ವಲ್ಪ ಹೆಚ್ಚಾಯಿತೇನೋ, ಪಾಪಿ?'

ಇಲ್ಲ ಸಾರ್, ಅಂದೆ.
ರೈಲು ಹೊರಟಿತು. ಅವರ ಮುಖ
ಕಿಟಕಿಯಿಂದ ಕಿಟಕಿಗೆ ಹಾರುತ್ತಾ ಹೋಯಿತು.