ಚೌಕಟ್ಟಿನ ಲೆಕ್ಕ

ಕುತೈಸಿಯಲ್ಲಿ, ರಿಯೋನಿ ಹೊಳೆಯ ದಂಡೆಗೆ
ಉಷಾಂಗಿಯ ಅಂಗಡಿ. ಜಾರ್ಜಿಯದ ಶಾಲೆಗಳಿಗೆಲ್ಲ
ಮರದ ಆಕಾರ ಮಾಡಿ ಕಳಿಸುವ ಕಸುಬು.
ಅವನು ಕೊಯ್ಯುತ್ತಿದ್ದ, ನಾನು ಉಜ್ಜುತ್ತಿದ್ದೆ,
ಹನ್ನೊಂದು ವರ್ಷ, ಬೀಚ್ ಮರದ ಹುಡಿ ಮೂಗಿಗೇರಿಸಿಕೊಂಡು.

"ಮುಖ ಉಜ್ಜು, ಅಂಚು ಮುಟ್ಟಬೇಡ.
ಅಂಚು ಸತ್ತ ಪಟ್ಟಕ ಸಾಬೂನಿನ ಬಿಲ್ಲೆ."

ಪಟ್ಟಕವೆಂದರೆ ಅವನಿಗೆ ಜೀವ. ಸುಳ್ಳಾಡದ ಜಾತಿ ಅದು:
ಬುಡದಲ್ಲಿ ತ್ರಿಕೋನವೆಂದರೆ ತಲೆಯಲ್ಲೂ ತ್ರಿಕೋನ,
ಬುಡಕ್ಕೆ ಸಮನಾಗಿ ನಡುವೆ ಎಲ್ಲಿ ಕೊಯ್ದರೂ
ಅದೇ ತ್ರಿಕೋನ, ಅದೇ ಅಳತೆ.
ಗೋಳ ಕಂಡರಾಗದು. ಒಂದು ಗೋಳಕ್ಕೆ
ಹತ್ತಿರ ಹತ್ತಿರ ಅರ್ಧ ಮರ ಸಿಪ್ಪೆಯಾಗಿ ಒಲೆಗೆ ಹೋಗುತ್ತದೆ,
ಮೇಲಾಗಿ ಮೇಜಿನ ಮೇಲೆ ನಿಲ್ಲುವ ಬುದ್ಧಿಯೂ ಇಲ್ಲ.
ಶಂಕು, ತಿಂಗಳೊಳಗೆ ಮೂಗು ಮುರಿದುಕೊಂಡು ವಾಪಸು.

ತಗಡಿನ ಟೊಳ್ಳು ಜೋಡಿಯೂ ಇತ್ತು. ಪಿರಮಿಡ್ಡಿಗೆ
ಜೋಳದ ರವೆ ತುಂಬಿ, ಅದೇ ಬುಡದ, ಅದೇ ಎತ್ತರದ
ಪಟ್ಟಕಕ್ಕೆ ಸುರಿಯಬೇಕು. ಒಂದು. ಎರಡು.
ಮೂರನೆಯದಕ್ಕೆ ಕಂಠಮಟ್ಟ.
ಪರೀಕ್ಷೆ ಮುಗಿದ ರವೆಯೇ ರಾತ್ರಿಯ ಗಂಜಿ,
ಜೊತೆಗೆ ಸುಲುಗುನಿ ಚೀಸು, ಅದೂ ಒಂದು ಕುಳ್ಳ ಸಿಲಿಂಡರು.

ಪ್ರತಿ ಪೆಟ್ಟಿಗೆಯ ಮುಚ್ಚಳದೊಳಗೆ ನಾನೇ ಬರೆಯುತ್ತಿದ್ದೆ:
"ಗುಂಡಗಿನವನ್ನು ಬದಿಗಿಡು. ಉಳಿದವುಗಳಲ್ಲಿ
ಶೃಂಗ ಎಣಿಸು, ಅಂಚು ಕಳೆ, ಮುಖ ಕೂಡಿಸು.
ಎರಡು ಬರದಿದ್ದರೆ ಮತ್ತೆ ಎಣಿಸು."
ಘನಕ್ಕೆ ಎಂಟು, ಹನ್ನೆರಡು, ಆರು.
ತ್ರಿಕೋನದ ಪಟ್ಟಕಕ್ಕೆ ಆರು, ಒಂಬತ್ತು, ಐದು.
ಯಾವುದನ್ನೆತ್ತಿದರೂ ಎರಡು.

ಒಂದು ಚಳಿಗಾಲ ಮೆಸ್ತಿಯಾದ ಗುಡ್ಡದ ಶಾಲೆಯಿಂದ ಕಾಗದ.
ಮಕ್ವಾಲಾ ಅಂತ, ಏಳನೇ ತರಗತಿ.
"ಪೆಟ್ಟಿಗೆಯಲ್ಲಿದ್ದವು ಸರಿ ಇವೆ. ಆದರೆ ನಮ್ಮಪ್ಪ
ಕಿಟಕಿಗೆಂದು ಚೌಕಟ್ಟು ಮಾಡಿದ್ದಾರೆ. ಗಾಜು ಇನ್ನೂ ಬಂದಿಲ್ಲ.
ಮೂಲೆಗಳನ್ನು ಓರೆಯಾಗಿ ಕೊಯ್ದು ಕೂಡಿಸಿದ್ದಾರೆ,
ಆ ಗೆರೆಗಳನ್ನೂ ಸೇರಿಸಿ ಎಣಿಸಿದೆ.
ಶೃಂಗ ಹದಿನಾರು, ಅಂಚು ಮೂವತ್ತೆರಡು, ಮುಖ ಹದಿನಾರು.
ಸೊನ್ನೆ ಬರುತ್ತದೆ. ಮೂರು ಸಲ ಬಂತು.
ತಪ್ಪು ನನ್ನದೋ ಮುಚ್ಚಳದ್ದೋ?"

ಉಷಾಂಗಿ ನಕ್ಕ. ಆಮೇಲೆ ಕಿವಿಯಿಂದ ಪೆನ್ಸಿಲು ತೆಗೆದ.
ಗೋಡೆಯಲ್ಲಿ ಆರು ವರ್ಷದಿಂದ
ಫೋಟೊ ಇಲ್ಲದೆ ನೇತಾಡುತ್ತಿದ್ದ ಚೌಕಟ್ಟನ್ನು ಇಳಿಸಿದ.
(ಯಾರ ಫೋಟೊ ಎಂದು ನಾನು ಕೇಳಿದವಳಲ್ಲ.)
ಹೆಬ್ಬೆರಳು ಅಂಚಿನಿಂದ ಅಂಚಿಗೆ ಹೋಯಿತು,
ತುಟಿ ಅಲುಗುತ್ತಿತ್ತು. ಹದಿನಾರು. ಮೂವತ್ತೆರಡು. ಹದಿನಾರು.
ಚೌಕಟ್ಟಿನೊಳಗೆ ಕೈ ತೂರಿಸಿ, ಆಚೆ ಬದಿಗೆ ಬೆರಳಾಡಿಸಿದ.
"ಇಲ್ಲೇನೂ ಇಲ್ಲ" ಅಂದ.
"ಆ ಏನೂ ಇಲ್ಲದ್ದೇ ಲೆಕ್ಕಕ್ಕೆ ಬಂದು ಕೂತಿದೆ ನೋಡು."

ಆ ವರ್ಷದಿಂದ ಪೆಟ್ಟಿಗೆಗೆ ಹನ್ನೆರಡಲ್ಲ, ಹದಿಮೂರು ತುಂಡು.
ಮುಚ್ಚಳದ ಸಾಲು ತಿದ್ದಲು ಮಾತ್ರ ಬಿಡಲಿಲ್ಲ.
"ಮತ್ತೆ ಎಣಿಸಲಿ" ಎಂದ.
ಹದಿಮೂರನೆಯದು ಬೆಂಕಿಪೊಟ್ಟಣದಷ್ಟು ಚೌಕಟ್ಟು.
ಅದರ ನಾಲ್ಕು ಒಳಮುಖಗಳಿಗೆ
ಉಜ್ಜುಕಾಗದ ಸುತ್ತಿದ ನನ್ನ ಕಿರುಬೆರಳೊಂದೇ ಹಿಡಿಸುತ್ತಿತ್ತು,
ಉಸಿರು ಬಿಗಿಹಿಡಿದು,
ಅಂಚು ಮುಟ್ಟದಂತೆ.