ಬಿಡುವಿನಲ್ಲಿ ಬೀಳುವುದು

ನಿನ್ನೆಯೂ ಬಿತ್ತು. ರಾತ್ರಿ ಎರಡು ಹತ್ತು.
ನಾನು ಅಡುಗೆಮನೆಯಲ್ಲಿ ಕಪ್ಪು ರೊಟ್ಟಿ ಕೊಯ್ಯುತ್ತಿದ್ದೆ;
ಫ್ಯಾನು ಒಮ್ಮೆ ಉಸಿರೆಳೆದುಕೊಂಡ ಸದ್ದು,
ಆಮೇಲೆ ಪರದೆಯ ತುಂಬ ಆ ನೀಲಿ.
ನಮ್ಮ ಲಿಯೆಪಾಯದ ಕಡಲು ಕೂಡ
ಇಷ್ಟು ನೀಲಿ ಇರುವುದಿಲ್ಲ, ಜುಲೈನಲ್ಲೂ.

ನೋಟ್‌ಬುಕ್ಕಿನಲ್ಲಿ ಬರೆದೆ:
ಗುಣಕ ನಲವತ್ತೆಂಟು. ಬಿಸಿ ಮೂವತ್ತೊಂದು ಡಿಗ್ರಿ.
ಮೂವತ್ತೊಂದು!
ಜ್ವರವೇ ಇಲ್ಲದೆ ಸತ್ತಿದೆ.

ಕಾರ್ಖಾನೆ ಇದರ ಹಣೆಯಲ್ಲಿ ಬರೆದದ್ದು ನಾಲ್ಕು ಗಿಗಾಹರ್ಟ್ಸ್.
ನಾನು ಕೇಳುತ್ತಿರುವುದು ನಾಲ್ಕೂ ಮುಕ್ಕಾಲು, ಮೇಲೊಂದು ಚೂರು.
ಯಾತಕ್ಕೆ, ಅನ್ನುತ್ತಾನೆ ಕೆಳಮನೆಯ ವಿಸ್ವಾಲ್ಡಿಸ್.
ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು
ಎಂಟು ಗಂಟೆ ಬೋರಲು ಬಕೆಟ್ಟಿನ ಮೇಲೆ ಕೂತು
ಬೆರಳುದ್ದದ ಮೀನು ತರುವವನು
ಯಾತಕ್ಕೆ ಅನ್ನುತ್ತಾನೆ.

ಮೊದಲ ಅನುಮಾನ ಬಿಸಿಯ ಮೇಲೆ.
ಚಿಪ್ಪಿನ ಬೆನ್ನಿಂದ ಒಣಗಿದ ಪೇಸ್ಟು ಒರೆಸಿ
ಬಟಾಣಿಯಷ್ಟು ಹೊಸದಿಟ್ಟು
ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಬಿಗಿದೆ.
ಬಿತ್ತು.
ಆಮೇಲೆ ಮೆಮೊರಿ. ನಾಲ್ಕು ಕಡ್ಡಿಗಳನ್ನೂ ಕಿತ್ತು
ಒಂದೊಂದನ್ನೇ ಒಂಟಿಯಾಗಿ ಕೂರಿಸಿ ವಿಚಾರಿಸಿದೆ,
ಜಗಳ ಬಿಡಿಸುವ ಮೇಷ್ಟರ ಹಾಗೆ.
ನಾಲ್ಕೂ ನಿರಪರಾಧಿ.
ಬಿತ್ತು.
ಡಿಪೋದ ಎಲೆಕ್ಟ್ರಿಷಿಯನ್ ಗಟಿಸ್‌ನಿಂದ ಪವರ್ ಸಪ್ಲೈ ಎರವಲು ತಂದೆ,
ಮೂರನೇ ದಿನ ಥ್ಯಾಂಕ್ಸಿನ ಜೊತೆ ವಾಪಸು ಕೊಟ್ಟೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.
ಎರಡು ಬದಲಿಸಿದವಳು ಗೆದ್ದರೂ
ಯಾತರಿಂದ ಗೆದ್ದೆನೆಂದು ಹೇಳಲಾರಳು.

ವಿಚಿತ್ರ ಏನೆಂದರೆ,
ಪರೀಕ್ಷೆಗೆ ಹಚ್ಚಿದರೆ ಕಲ್ಲುಗುಂಡು.
ಹನ್ನೊಂದು ಗಂಟೆ ಅವಿಭಾಜ್ಯ ಸಂಖ್ಯೆಗಳನ್ನು ಬೀಸುತ್ತದೆ
ಎಂಬತ್ತಾರು ಡಿಗ್ರಿಯಲ್ಲಿ, ಒಂದು ತಪ್ಪಿಲ್ಲ;
ಕಿಟಕಿಗೆ ಅಂಟಿದ ಮಂಜು ಕರಗಿ
ಹೂಕುಂಡಕ್ಕೆ ತೊಟ್ಟಿಕ್ಕುತ್ತದೆ.
ಶಹಬ್ಬಾಸ್, ಸಾಕು, ಎಂದು ನಿಲ್ಲಿಸಿ
ಸುಮ್ಮನೆ ಬಿಟ್ಟು ಚಹಕ್ಕೆ ನೀರಿಡಬೇಕು,
ಬಿತ್ತು.
ತುಂಬಿದ ಕೊಡ ತುಳುಕಲಿಲ್ಲ.
ಬರಿಗೊಡ ತಾನೇ ಒಡೆಯಿತು.

ಹದಿನಾರು ಸಾವು ನೋಟ್‌ಬುಕ್ಕಿನಲ್ಲಿ.
ಒಂದೂ ದುಡಿಮೆಯ ಹೊತ್ತಿನದಲ್ಲ.

ಬೆಳಗಿನ ಐದು ಇಪ್ಪತ್ತರ ಟ್ರಾಮ್ ನನ್ನದು, ಇಪ್ಪತ್ತಾರು ವರ್ಷದಿಂದ.
ಈ ಬೆಳಿಗ್ಗೆ ಕಲಿಯಲು ಬಂದ ಹುಡುಗ ಮಾದಿಸ್
ಇರುಳೆಲ್ಲ ಬಯಲಲ್ಲಿ ನಿಂತಿದ್ದ ಬೋಗಿಯ ಹಿಡಿಕೆಯನ್ನು
ಒಂದೇ ಏಟಿಗೆ ಕೊನೆಯ ಹಲ್ಲಿಗೆ ನೂಕಿದ.
ಟಪ್!
ಬ್ರೇಕರ್ ಹಾರಿತು. ದೀಪ ಆರಿತು.
ಕತ್ತಲಲ್ಲಿ ಮೂವರು ಪ್ರಯಾಣಿಕರು,
ಒಬ್ಬಳ ಮಡಿಲಲ್ಲಿ ಮೊಟ್ಟೆಯ ಟ್ರೇ.
ಬೈಯಲು ಬಾಯಿ ತೆರೆದವಳು
ಹಾಗೇ ನಿಂತುಬಿಟ್ಟೆ, ಬಾಯಿ ತೆರೆದುಕೊಂಡೇ.

ಓಡುವಾಗ ಅಲ್ಲ.
ಮಲಗಿದಾಗಲೂ ಅಲ್ಲ.
ಏಳುವ ಗಳಿಗೆ.
ಎಲ್ಲೋ ಒಂದು ಗಡಿಯಾರ ತಿದ್ದಲು, ಒಂದು ಅಂಚೆ ನೋಡಲು
ಅರೆನಿಮಿಷಕ್ಕೊಮ್ಮೆ ಯಾರೋ ಅದನ್ನು ತಟ್ಟಿ ಎಬ್ಬಿಸುತ್ತಾರೆ;
ವೇಗ ಆಗಲೇ ಬಾಗಿಲಾಚೆ ಕಾಲಿಟ್ಟಿರುತ್ತದೆ,
ವೋಲ್ಟು ಇನ್ನೂ ಬೂಟಿನ ಲೇಸು ಕಟ್ಟುತ್ತಿರುತ್ತದೆ.
ಬಿಸಿಯಾಗದಿರಲಿ ಎಂದು ನಾನೇ ಅಲ್ಲವೇ
ಅದರ ನಿದ್ದೆಯ ಪಾಲಿನಿಂದ ಚೂರುಚೂರೇ ಕದ್ದದ್ದು.

ಸಂಜೆ ಮನೆಗೆ ಬಂದವಳು ಕೋಟು ಬಿಚ್ಚದೆ
ಐವತ್ತು ಮಿಲಿವೋಲ್ಟು ಹಿಂದಿರುಗಿಸಿದೆ.
ಗುಣಕ ಮುಟ್ಟಲಿಲ್ಲ. ಫ್ಯಾನು ಮುಟ್ಟಲಿಲ್ಲ.
ಯಾವ ಕೆಲಸವನ್ನೂ ಹಚ್ಚದೆ
ಎದುರಿಗೆ ಕುರ್ಚಿ ಎಳೆದುಕೊಂಡೆ.

ನಡುರಾತ್ರಿ ದಾಟಿದ ಮೇಲೆ ನಿದ್ದೆಗೆಟ್ಟ ವಿಸ್ವಾಲ್ಡಿಸ್ ಬಂದ,
ಪತ್ರಿಕೆಯಲ್ಲಿ ಸುತ್ತಿದ ಎರಡು ಮೀನು, ಮೇಲೆ ಉಪ್ಪು.
ಏನು ನೋಡ್ತಿದ್ದೀಯ, ಔಸ್ಟ್ರಾ?
ಏನೂ ಆಗದೆ ಇರೋದನ್ನ, ಅಂದೆ.

ಈ ಸಲ ಅವನು ಯಾತಕ್ಕೆ ಅನ್ನಲಿಲ್ಲ.
ಪರದೆಯನ್ನೂ ನನ್ನನ್ನೂ ನೋಡಿದ,
ನೆಲ ಒರೆಸುವ ಬಕೆಟ್ಟನ್ನು ಬೋರಲು ಹಾಕಿ
ಪಕ್ಕದಲ್ಲಿ ಕೂತ,
ಸದ್ದಾಗದ ಹಾಗೆ.

ಎರಡು ಹತ್ತಕ್ಕೆ ಇನ್ನೂ ಒಂಬತ್ತು ನಿಮಿಷ.