ಮರುನೋಟ

ಮಂಡಿ ಮೊಹಲ್ಲಾ, ಸೈಕಲ್ ಅಂಗಡಿಯ ಮಹಡಿ.
ಪಂಕ್ಚರ್ ಅಂಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ.
ಶಿಸ್ತು ಸಮಿತಿಯೆಂದರೆ ಮೂರು ಕುರ್ಚಿ;
ನಾಲ್ಕನೆಯದು, ಕೈ ಮುರಿದದ್ದು,
ನನಗೆ.

ಭಾನುವಾರ, ಎಪ್ಪತ್ತೊಂದನೇ ನಿಮಿಷ,
ಇಮ್ದಾದನಿಗೆ ಕೆಂಪು ಕಾರ್ಡು ತೋರಿಸಿದ್ದು ನಾನೇ.
"ಮುಟ್ಟೇ ಇಲ್ಲ ಕಣ್ಸಾ" ಅಂದ.
ಅಷ್ಟೇ. ಬೈಯಲಿಲ್ಲ.
ಶೂ ಬಿಚ್ಚಿ ಕೈಯಲ್ಲಿ ಹಿಡಿದು
ಬನ್ನಿಮಂಟಪದ ಆ ಕೆಮ್ಮಣ್ಣಿನ ಮೇಲೆ
ಬರಿಗಾಲಲ್ಲಿ ನಡೆದುಹೋದ.

ಬಿದ್ದವನು ಸೆಲ್ವರಾಜು, ಹತ್ತೊಂಬತ್ತರ ಹುಡುಗ.
ಏನ್ ಬಿದ್ದ ಅಂತೀರಿ!
ಗೊನೆ ಕಡಿದ ಬಾಳೆಯ ಹಾಗೆ,
ಆಮೇಲೆ ಮೂರು ಉರುಳು,
ಉರುಳುಸೇವೆಗೆ ಹರಕೆ ಹೊತ್ತವರೂ ಹಾಗೆ ಉರುಳರು.
ಮೊಣಕಾಲು ಹಿಡಿದು ಅವ್ವನನ್ನು ಕೂಗಿದ.
ಅವನ ಅವ್ವ ಅಲ್ಲೇ ಕಾಂಪೌಂಡಿನ ಮೇಲೆ ಕೂತು
ಕಡಲೆಕಾಯಿ ಸುಲಿಯುತ್ತಿದ್ದಳು.
ತಲೆ ಎತ್ತಲಿಲ್ಲ.
ಆಗಲೇ ನನಗೆ ತಿಳಿಯಬೇಕಿತ್ತು.

ಜೆರಾಲ್ಡನದು ಮದುವೆ ವಿಡಿಯೊ ಕಸುಬು.
ಹೊಸ ಕ್ಯಾಮೆರಾ ನೋಡೋಣವೆಂದು ಮೈದಾನಕ್ಕೆ ಬಂದಿದ್ದ.
ಅಕ್ಷತೆ ಬೀಳುವುದನ್ನು ನಿಧಾನ ಮಾಡುವ
ಅದೇ ಗುಂಡಿ ಒತ್ತಿದ.
ಸೆಲ್ವ ಗಾಳಿಯಲ್ಲಿ ತೇಲಿದ.
ಇಮ್ದಾದನ ಕಾಲು ಬಂತು, ಚೆಂಡನ್ನಷ್ಟೇ ತಟ್ಟಿ
ಹಿಂದಕ್ಕೆ ಹೋಯಿತು.
ಕಾಲಿಗೂ ಕಾಲಿಗೂ ನಡುವೆ
ಬೆಳಕಿನ ಒಂದೆಳೆ.

ರೇಷ್ಮೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ
ಸೀರೆ ತಪಾಸಣೆ ನನ್ನ ಕೆಲಸ.
ಟ್ಯೂಬ್‌ಲೈಟಿನ ಮುಂದೆ ಐದೂವರೆ ಮೀಟರು ಹರಡಿ
ತಪ್ಪಿದ ಎಳೆಯನ್ನು ಬೆರಳಲ್ಲೇ ಹಿಡಿಯುತ್ತೇನೆ.
ಇದು ಹೇಗೆ ತಪ್ಪಿತು?

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ"
ಎಂದರು ಅಧ್ಯಕ್ಷ ಪುಟ್ಟಮಾದಪ್ಪನವರು,
ಟೀ ಬಸಿಗೆ ಸುರಿದುಕೊಳ್ಳುತ್ತ.
ಕಾರ್ಡು ರದ್ದು. ಸೆಲ್ವನಿಗೆ ಎರಡು ಆಟ ನಿಷೇಧ.
ಬರೆದರು. ಪೆನ್ನಿನ ಮುಚ್ಚಳ ಹಾಕಿದರು.

"ಇನ್ನೊಂದ್ಸಲ ಹಾಕಪ್ಪ," ಅಂದೆ.

ಯಾಕೆ ಅಂದೆನೋ.
ಈ ಸಲ ಬಿದ್ದವನನ್ನು ನೋಡಲಿಲ್ಲ.
ಪರದೆಯ ಎಡಮೂಲೆಯಲ್ಲಿ ಕಪ್ಪಂಗಿ ತೊಟ್ಟು, ಸೀಟಿ ಕಚ್ಚಿ
ಓಡಿ ಬರುತ್ತಿರುವ ನನ್ನನ್ನು ನೋಡಿದೆ.
ಸೆಲ್ವನ ಎರಡೂ ಪಾದ ಇನ್ನೂ ನೆಲದ ಮೇಲಿವೆ.
ಇಮ್ದಾದನ ಕಾಲು ಇನ್ನೂ ಎದ್ದಿಲ್ಲ.
ನನ್ನ ಕೈ ಆಗಲೇ
ಜೇಬಿನಲ್ಲಿದೆ.

ಯಾರೂ ಗಮನಿಸಲಿಲ್ಲ. ಜೆರಾಲ್ಡ್ ಗಮನಿಸಿದನೇನೋ;
ಪರದೆ ಮಡಚಿ, "ಟೀ ಆರ್ತಿದೆ ಸಾ" ಅಂದ.

ಹೋದ ವರ್ಷ, ಇದೇ ಮೈದಾನ, ಯಾವುದೋ ಥ್ರೋ-ಇನ್ ವಿಚಾರಕ್ಕೆ
ಇಮ್ದಾದ್ ನನ್ನನ್ನು ನೋಡಿ ನಕ್ಕಿದ್ದ.
ಬರೀ ನಕ್ಕಿದ್ದ.
ಆ ನಗುವಿಗೆ ಹನ್ನೊಂದು ತಿಂಗಳು ಅನ್ನ ಹಾಕಿ ಸಾಕಿದ್ದೇನೆಂದು
ನನಗೇ ಗೊತ್ತಿರಲಿಲ್ಲ.
ಹುಡುಗ ಚುರುಕು. ನನ್ನ ಕೈ ಎತ್ತ ಹೋಗುತ್ತದೆಂದು
ನನಗಿಂತ ಮೊದಲೇ ಓದಿಕೊಂಡು
ಅತ್ತಲೇ ಬಿದ್ದ.

ವರದಿಯ ಕೊನೆಗೆ ಒಂದು ಸಾಲು ಸೇರಿಸಿ ಕೊಟ್ಟೆ.
ಪುಟ್ಟಮಾದಪ್ಪನವರು ಕನ್ನಡಕ ಏರಿಸಿ ಓದಿದರು,
ಕಿವಿ ಕೆರೆದುಕೊಂಡರು.
"ಇದಕ್ಕೆ ನಮ್ಮಲ್ಲಿ ನಿಯಮ ಇಲ್ವಲ್ಲ," ಅಂದರು.

ರಾತ್ರಿ, ಕಾರ್ಖಾನೆಯಿಂದ ತಂದ ತುಂಡೆಳೆಯಲ್ಲಿ
ಅಂಗಿಯ ಜೇಬಿಗೊಂದು ಗುಂಡಿ ಹೊಲಿದೆ.
ಕಾಜ ಬಿಗಿ.
ಬಿಚ್ಚಿ ನೋಡಿದೆ, ಮತ್ತೆ ಬಿಚ್ಚಿ ನೋಡಿದೆ:
ನಾಲ್ಕು ಸೆಕೆಂಡು ಹಿಡಿಯುತ್ತದೆ.